ಕಾರಿನ ಮೇಲೆ ಪೊರಕೆ

ಅಮ್ಮ ಮೂಡಿಗೆರೆಯಿಂದ ವಿಡಿಯೋ ಕಾಲ್ ಮಾಡಿದಾಗ ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಮನೆಯ ಗರಾಜಿನಲ್ಲಿ, ಹೆಲ್ಮೆಟ್ ಹಾಕಿಕೊಂಡು, ನಿಂತ ಕಾರಿನೊಳಗೆ ಕೂತಿದ್ದೆ. ತಲೆಯ ಮೇಲೆ ಉದ್ದಕ್ಕೆ ಒಂದು ಪೊರಕೆ. ಅದರ ಕೋಲಿನ ಒಂದು ತುದಿ ಮುಂದಿನ ಗಾಜಿನ ಚೌಕಟ್ಟಿನ ಮೇಲೆ, ಇನ್ನೊಂದು ತುದಿ ನನ್ನ ಬೆನ್ನ ಹಿಂದಿನ ರೋಲ್ ಬಾರ್ ಮೇಲೆ, ಅಂದರೆ ಕಾರು ಪಲ್ಟಿಯಾದರೆ ತಲೆ ಕಾಯುವ ಕಬ್ಬಿಣದ ಕಮಾನಿನ ಮೇಲೆ. ಹೆಂಡತಿ ಪಕ್ಕದಲ್ಲಿ ಬಗ್ಗಿ ನಿಂತು, ಒಂದು ಕಣ್ಣು ಮುಚ್ಚಿ, ಹೆಲ್ಮೆಟ್ಟಿಗೂ ಕೋಲಿಗೂ ನಡುವೆ ಎಷ್ಟು ಜಾಗ ಇದೆ ಅಂತ ಮಗಳ ಸ್ಕೇಲು ಹಿಡಿದು ಅಳೆಯುತ್ತಿದ್ದಳು.

"ಕಾರಿನ ಮೇಲೆ ಪೊರಕೆ ಇಡ್ತಾರೇನೋ? ಗಾಡಿ ಅಂದ್ರೆ ಲಕ್ಷ್ಮಿ ಕಣೋ!" ಅಂತ ಅಮ್ಮ ಕೂಗಿದರು.

ಹೋದ ಆಯುಧ ಪೂಜೆಗೆ ಇದೇ ಕಾರಿಗೆ ಕುಂಕುಮ ಇಟ್ಟು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಫೋಟೋ ಕಳಿಸಿದ್ದೆ. ಈಗ ಪೊರಕೆ. ಏನಂತ ಹೇಳೋದು? "ಅಮ್ಮ, ಇದು ಟೆಸ್ಟು" ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ.

ನಿಜವಾಗಿಯೂ ಅದು ಟೆಸ್ಟೇ. ಇಲ್ಲಿ ಅದಕ್ಕೆ ಬ್ರೂಮ್‌ಸ್ಟಿಕ್ ಟೆಸ್ಟ್ ಅನ್ನುತ್ತಾರೆ. ನನ್ನದು ಮಾಜ್ದಾ ಮಿಯಾಟಾ, ಮೇಲ್ಛಾವಣಿ ಬಟ್ಟೆಯದ್ದು. ಪಲ್ಟಿ ಹೊಡೆದರೆ ತಲೆಗೂ ನೆಲಕ್ಕೂ ನಡುವೆ ಬಟ್ಟೆ ಬಿಟ್ಟು ಬೇರೇನೂ ಇಲ್ಲ. ಅದಕ್ಕೇ ಟ್ರ್ಯಾಕ್ ಡೇಗೆ ಹೋಗಬೇಕಾದರೆ ರೋಲ್ ಬಾರ್ ಬೇಕು. ಬಾರ್ ಇದ್ದರಷ್ಟೇ ಸಾಲದು, ಹೆಲ್ಮೆಟ್ ಹಾಕಿದ ತಲೆ ಆ ಕೋಲಿಗಿಂತ ಕೆಳಗಿರಬೇಕು. ನಾವು ಹೆಸರು ಬರೆಸಿದ್ದ ಕಡೆ ಎರಡು ಇಂಚು ಕೆಳಗಿರಬೇಕಿತ್ತು. ನನಗೆ ಅರ್ಧ ಇಂಚೂ ಇರಲಿಲ್ಲ. ಮಿಯಾಟಾದಲ್ಲಿ ಉದ್ದ ಇರುವವರೆಲ್ಲ ಇದಕ್ಕೆ ಒಂದೇ ಉಪಾಯ ಮಾಡುತ್ತಾರೆ: ಸೀಟಿನ ಹೊದಿಕೆ ಬಿಚ್ಚಿ ಒಳಗಿನ ಸ್ಪಂಜು ಕುಯ್ಯುತ್ತಾರೆ. ನಾನೂ ಕುಯ್ದೆ. ಅಡುಗೆಮನೆಯ ಬ್ರೆಡ್ ಚಾಕುವಿನಲ್ಲಿ ಕುಯ್ದೆ ಅನ್ನುವುದು ಹೆಂಡತಿಗೆ ಗೊತ್ತಾಗಿದ್ದು ಆಮೇಲೆ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಇದನ್ನು ಊರಿನವರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ. ಬಹುಮಾನ ಇಲ್ಲ, ಮೊದಲು ಬಂದವನು ಕೊನೆಗೆ ಬಂದವನು ಅಂತ ಇಲ್ಲ. ನಮ್ಮ ನಮ್ಮ ಕಾರು ತಗೊಂಡು ಹೋಗಿ, ದುಡ್ಡು ಕಟ್ಟಿ, ರೇಸ್ ಸರ್ಕ್ಯೂಟಿನಲ್ಲಿ ದಿನಕ್ಕೆ ನಾಲ್ಕೋ ಐದೋ ಸಲ ಇಪ್ಪತ್ತು ಇಪ್ಪತ್ತು ನಿಮಿಷ ಓಡಿಸುವುದು. ಹೊಸಬರ ಪಕ್ಕದಲ್ಲಿ ಒಬ್ಬ ಮೇಷ್ಟ್ರು ಕೂರುತ್ತಾರೆ. ಎದುರಿನಿಂದ ಗಾಡಿ ಬರಲ್ಲ, ಎಮ್ಮೆ ಬರಲ್ಲ, ಪೊಲೀಸ್ ಬರಲ್ಲ. ಅಷ್ಟೇ.

ನನ್ನ ಕಾರು 2002ರದ್ದು. ಮಿಯಾಟಾ ಮೊದಲು ಕಾಣಿಸಿಕೊಂಡಿದ್ದು 1989ರ ಶಿಕಾಗೋ ಆಟೋ ಶೋನಲ್ಲಿ. ನನ್ನದು ಎರಡನೇ ತಲೆಮಾರಿನದು. 1.8 ಲೀಟರ್ ಎಂಜಿನ್, ಸುಮಾರು 140 ಎಚ್‌ಪಿ, ತೂಕ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ. ಇಲ್ಲಿ ಮಕ್ಕಳನ್ನು ಸ್ಕೂಲಿಗೆ ಬಿಡುವ ಅಮ್ಮಂದಿರ ವ್ಯಾನುಗಳಿಗೆ ಇದರ ಎರಡರಷ್ಟು ಶಕ್ತಿ ಇರುತ್ತದೆ. ಆದರೂ ಟ್ರ್ಯಾಕಿನಲ್ಲಿ ಕಲಿಯಲು ಇದೇ ವಾಸಿ ಅನ್ನುತ್ತಾರೆ, ಯಾಕೆಂದರೆ ಇಲ್ಲಿ ಮಾಡಿದ ತಪ್ಪನ್ನು ಎಂಜಿನ್ ಮುಚ್ಚಿಹಾಕುವುದಿಲ್ಲ. ತಿರುವಿನಲ್ಲಿ ಕಳೆದುಕೊಂಡ ವೇಗ ಹೋಯಿತು ಅಂದರೆ ಹೋಯಿತು. ಅಮ್ಮನ ತಕರಾರು ಬೇರೆ. "ಎರಡೇ ಸೀಟಾ? ನಾವು ಬಂದ್ರೆ ಎಲ್ಲಿ ಕೂರೋದು?"

ಮೊದಲ ಟ್ರ್ಯಾಕ್ ಡೇಗೆ ನಾನು ಮಾಡಿಕೊಂಡ ತಯಾರಿ ನೆನೆಸಿಕೊಂಡರೆ ಈಗ ನಾಚಿಕೆ ಆಗುತ್ತದೆ. ರೋಲ್ ಬಾರ್ ಹಾಕಿಸಿದೆ, ಅದು ಸರಿ. ಆಮೇಲೆ ಎಂಜಿನ್ನಿಗೆ ಗಾಳಿ ಎಳೆಯುವ ಹೊಳೆಯುವ ಪೈಪು ತಂದೆ. ಕೆಂಪು ಬಣ್ಣದ ಗೇರ್ ನಾಬ್ ತಂದೆ. ಸೈಲೆನ್ಸರ್ ಬದಲಿಸಿ, ಸದ್ದು ಕೇಳಿ, ಕಾರು ಜೋರಾಯಿತು ಅಂದುಕೊಂಡೆ. ಎರಡು ವಾರ ಪ್ರತಿ ರಾತ್ರಿ ಕೂತು ಯೂಟ್ಯೂಬ್ ನೋಡಿದೆ. ಆಯೋಜಕರು ಕಳಿಸಿದ್ದ ತಪಾಸಣೆ ಫಾರಂನಲ್ಲಿ ಒಂದು ಸಾಲಿತ್ತು: ಬ್ರೇಕ್ ಆಯಿಲ್ ಕಳೆದ ಆರು ತಿಂಗಳಲ್ಲಿ ಬದಲಿಸಲಾಗಿದೆಯೇ? ಕಾರು ಮಾರಿದವನು "ಈಚೆಗೆ ಎಲ್ಲಾ ಮಾಡ್ಸಿದೀನಿ" ಅಂದಿದ್ದ. ನಾನು ಹೌದು ಅಂತ ಟಿಕ್ ಹಾಕಿದೆ. ಡಬ್ಬಿಯ ಮುಚ್ಚಳ ತೆಗೆದೂ ನೋಡಲಿಲ್ಲ.

ಹೋಗಿದ್ದು ಥಂಡರ್‌ಹಿಲ್‌ಗೆ. ಸ್ಯಾಕ್ರಮೆಂಟೋ ದಾಟಿ ಉತ್ತರಕ್ಕೆ ಹೋದರೆ ವಿಲೋಸ್ ಅನ್ನುವ ಊರು. ಸುತ್ತ ಭತ್ತದ ಗದ್ದೆ, ಬಾದಾಮಿ ತೋಟ, ಅದರಾಚೆ ಒಣಹುಲ್ಲಿನ ಗುಡ್ಡ. ಆ ಗುಡ್ಡದಲ್ಲಿ ಮೂರು ಮೈಲಿ ಉದ್ದದ ಟ್ರ್ಯಾಕು. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟು ಏಳಕ್ಕೆಲ್ಲ ಅಲ್ಲಿದ್ದೆ. ನೀಲಿ ಪೇಂಟರ್ ಟೇಪಿನಲ್ಲಿ ಬಾಗಿಲಿಗೆ ನಂಬರ್ ಅಂಟಿಸಿದೆ. ಕಾರಿನಲ್ಲಿದ್ದ ಸಡಿಲ ಸಾಮಾನೆಲ್ಲ ಹೊರಗೆ: ಫ್ಲೋರ್ ಮ್ಯಾಟು, ನೀರಿನ ಬಾಟಲಿ, ಡಿಕ್ಕಿಯ ಜ್ಯಾಕು, ಮಗಳ ಕ್ರೇಯಾನು. ಬಾಟಲಿ ಉರುಳಿ ಬ್ರೇಕ್ ಪೆಡಲಿನಡಿ ಸಿಕ್ಕಿಕೊಂಡರೆ ಕಥೆ ಮುಗಿಯಿತು.

ತಪಾಸಣೆಗೆ ಬಂದ ಹೆಂಗಸು ಪ್ರತಿ ಚಕ್ರವನ್ನೂ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಬ್ಯಾಟರಿ ಅಲ್ಲಾಡಿಸಿದರು. ಸೀಟ್ ಬೆಲ್ಟ್ ಜಗ್ಗಿದರು. ಹೆಲ್ಮೆಟ್ ಒಳಗಿನ ಚೀಟಿಯಲ್ಲಿ ಎಸ್‌ಎ ಅಂತ ಇದೆಯಾ ನೋಡಿದರು. ಬೈಕಿನ ಹೆಲ್ಮೆಟ್ಟಿಗೆ ಎಂ ಅಂತ ಇರುತ್ತದೆ. ಎಸ್‌ಎ ಹೆಲ್ಮೆಟ್ಟು ಬೆಂಕಿಗೂ ತಡೆದುಕೊಳ್ಳಬೇಕು. ಕೊನೆಗೆ ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಗಣಪನನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಡಬಲ್ ಟೇಪು ಬಿಸಿಲಿಗೆ ಮೆತ್ತಗಾಗಿತ್ತು, ಗಣಪ ಕೈಗೇ ಬಂದ. "ಇವರು ಹೊರಗೆ ಇರಲಿ" ಅಂದರು, ಪಾಪ, ಬಹಳ ಗೌರವದಿಂದಲೇ. ಆವತ್ತು ಇಡೀ ದಿನ ವಿಘ್ನೇಶ್ವರ ಊಟದ ಚೀಲದಲ್ಲಿ, ಚಿತ್ರಾನ್ನದ ಡಬ್ಬಿಯ ಪಕ್ಕದಲ್ಲಿದ್ದ.

ಮೊದಲೆರಡು ಸೆಷನ್ ಚೆನ್ನಾಗೇ ಹೋಯಿತು. ನನ್ನ ಮೇಷ್ಟ್ರು ಎಪ್ಪತ್ತರ ಹತ್ತಿರದ ಅಜ್ಜ. ಹೆಲ್ಮೆಟ್ಟಿನೊಳಗೆ ಮೈಕು, ಇಯರ್‌ಫೋನು ಇರುವುದರಿಂದ ಅವರ ದನಿ ನೇರ ಕಿವಿಯೊಳಗೆ. ಮೂರನೆಯದು ಮಧ್ಯಾಹ್ನದ ಮೇಲೆ, ಬಿಸಿಲು 38 ಡಿಗ್ರಿ. ಹಿಂದಿನ ನೇರ ದಾರಿ ಮುಗಿದು ಹದಿನಾಲ್ಕನೇ ತಿರುವು ಬಂತು. ಬ್ರೇಕ್ ಒತ್ತಿದೆ. ಪೆಡಲು ಸುಮ್ನೆ ಕೆಳಗೆ ಹೋಯಿತು. ನೆನೆದ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ. ಇನ್ನೊಮ್ಮೆ ಒತ್ತಿದೆ, ಮತ್ತೊಮ್ಮೆ ಒತ್ತಿದೆ. ಮೂರನೆಯದಕ್ಕೆ ಸ್ವಲ್ಪ ಹಿಡಿಯಿತು. ಅಷ್ಟರಲ್ಲಿ ತಿರುವು ಮುಗಿದುಹೋಗಿತ್ತು. ನಾವು ನೇರ ಮಣ್ಣಿಗಿಳಿದು, ದೂಳೆಬ್ಬಿಸಿಕೊಂಡು ನಿಂತಿದ್ದೆವು.

ಅಜ್ಜ ಬೈಯಲಿಲ್ಲ. ದೂಳು ಇಳಿಯುವ ತನಕ ಕಾದು, "ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು?" ಅಂತ ಕೇಳಿದರು. ನಾನು ಫಾರಂನಲ್ಲಿ ಬರೆದ ಉತ್ತರ ಹೇಳಲಿಲ್ಲ.

ಆಗಿದ್ದಿಷ್ಟು. ಗಂಟೆಗೆ 160 ಕಿ.ಮೀ. ವೇಗದಲ್ಲಿರುವ ಈ ಕಾರನ್ನು 80ಕ್ಕೆ ಇಳಿಸಲು ಮೂರು ಸೆಕೆಂಡು ಸಾಕು. ಆ ಮೂರು ಸೆಕೆಂಡಿನಲ್ಲಿ ಬ್ರೇಕು ನುಂಗುವ ಶಾಖ ಎಷ್ಟು ಅಂತ ಆಮೇಲೆ ಲೆಕ್ಕ ಹಾಕಿದೆ. ಎರಡೂವರೆ ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು! ಒಂದು ಸುತ್ತಿಗೆ ಇಂಥ ಬ್ರೇಕು ನಾಲ್ಕೈದು ಸಲ, ಇಪ್ಪತ್ತು ನಿಮಿಷ ಬಿಡುವಿಲ್ಲದೆ. ಆ ಶಾಖ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಒತ್ತಿಹಿಡಿಯುವ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಹೋಗುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲು 230 ಡಿಗ್ರಿ ಸೆಲ್ಸಿಯಸ್ ತನಕವಾದರೂ ಕುದಿಯಬಾರದು ಅನ್ನುವುದು ನಿಯಮ. ಆದರೆ ಈ ಆಯಿಲಿಗೆ ಉಪ್ಪಿನ ಬುದ್ಧಿ, ಗಾಳಿಯ ತೇವ ಹೀರುತ್ತಲೇ ಇರುತ್ತದೆ. ನೀರು ಸೇರಿದ ಹಳೆ ಆಯಿಲಿಗೆ ಅದೇ ನಿಯಮ ಬೇಡುವುದು ಬರೀ 155 ಡಿಗ್ರಿ. ಕುದಿದರೆ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ. ನನ್ನ ಕಾಲಡಿ ಆಗಿದ್ದು ಅದೇ. ಹೊಳೆಯುವ ಪೈಪಿಗೆ ಸುರಿದ ದುಡ್ಡಿನಲ್ಲಿ ಹತ್ತು ಬಾಟಲಿ ಬ್ರೇಕ್ ಆಯಿಲು ಬರುತ್ತಿತ್ತು.

ಮುಂದಿನ ಭಾನುವಾರ ಗರಾಜಿನಲ್ಲಿ ನಾನು, ಹೆಂಡತಿ ಇಬ್ಬರೇ ಬ್ರೇಕ್ ಬ್ಲೀಡ್ ಮಾಡಲು, ಅಂದರೆ ಹಳೇ ಆಯಿಲು, ಗುಳ್ಳೆ ಹೊರಹಾಕಿ ಹೊಸ ಆಯಿಲು ತುಂಬಲು ನಿಂತೆವು. ದಾಂಪತ್ಯಕ್ಕೆ ಇದೂ ಒಂದು ಬ್ರೂಮ್‌ಸ್ಟಿಕ್ ಟೆಸ್ಟೇ. ಅವಳು ಸೀಟಿನಲ್ಲಿ, ಕಾಲು ಪೆಡಲಿನ ಮೇಲೆ. ನಾನು ಚಕ್ರದ ಹತ್ತಿರ ನೆಲದಲ್ಲಿ, ಕೈಯಲ್ಲಿ ಸ್ಪಾನರ್. ಪೆಡಲು ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ದೂರ ಇರುವ ಚಕ್ರ ಮೊದಲು, ಅಂದರೆ ಹಿಂದಿನ ಬಲ. ನಿಪ್ಪಲಿಗೆ ಪಾರದರ್ಶಕ ಟ್ಯೂಬು, ಟ್ಯೂಬಿನ ಕೊನೆ ಹಳೇ ಉಪ್ಪಿನಕಾಯಿ ಬಾಟಲಿಯಲ್ಲಿ.

"ಒತ್ತು."

"ಒತ್ತಿದೆ."

ನಾನು ಸ್ಕ್ರೂ ಕಾಲು ಸುತ್ತು ಸಡಿಲಿಸುತ್ತೇನೆ. ಆಯಿಲು ಚಿಮ್ಮುತ್ತದೆ, ಪೆಡಲು ಕೆಳಗೆ ಹೋಗುತ್ತದೆ.

"ಹಿಡ್ಕೋ, ಹಿಡ್ಕೋ, ಬಿಡ್ಬೇಡ."

"ಬಿಡ್ಲಾ?"

"ಬಿಡ್ಬೇಡ ಅಂದೆ!"

"'ಬಿಡ್' ಅಂತ ಕೇಳ್ಸ್ತು, ಬಿಟ್ಟೆ."

ಸ್ಕ್ರೂ ಬಿಗಿ ಮಾಡುವ ಮೊದಲೇ ಪೆಡಲು ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ. ಮತ್ತೆ ಮೊದಲಿಂದ. ನಮ್ಮ ಭಾಷೆಯಲ್ಲಿ 'ಬಿಡು', 'ಬಿಡಬೇಡ' ಎರಡೂ ಒಂದೇ ಥರ ಶುರುವಾಗುತ್ತವೆ ಅನ್ನುವುದು ಎಷ್ಟು ಅಪಾಯ ನೋಡಿ. ಆಮೇಲೆ ಅವಳೇ 'ಒಂದು', 'ಎರಡು', 'ಮೂರು' ಅಂತ ಗೊತ್ತುಮಾಡಿದಳು. ಒಂದು ಅಂದರೆ ಒತ್ತು, ಎರಡು ಅಂದರೆ ಹಿಡಿ, ಮೂರು ಅಂದರೆ ಬಿಡು. ಕೆಲಸ ಸಲೀಸಾಯಿತು. ಟ್ಯೂಬಿನಲ್ಲಿ ಮೊದಲು ಬಂದದ್ದು ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ ಥರದ್ದು. ಸುಮಾರು ಹೊತ್ತಿನ ಮೇಲೆ ಬಣ್ಣ ತಿಳಿಯಾಯಿತು, ಕೊನೆಗೆ ಜೇನಿನ ಬಣ್ಣ. ನಾಲ್ಕು ಚಕ್ರಕ್ಕೆ ಮೂರು ಗಂಟೆ. ಒಂದು ಹನಿ ಫೆಂಡರ್ ಮೇಲೆ ಬಿದ್ದಿದ್ದು ಯಾರೂ ನೋಡಲಿಲ್ಲ. ಅಲ್ಲಿ ಪೇಂಟು ಎದ್ದುಹೋಗಿದೆ, ಈಗಲೂ ಇದೆ.

ಆವತ್ತು ಸಂಜೆ ನನ್ನ ಸೋದರಮಾವನಿಗೆ ಫೋನ್ ಮಾಡಿದೆ. ಮಾವ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು, ಈಗ ರಿಟೈರ್ ಆಗಿದ್ದಾರೆ. ನಾನು ಚಿಕ್ಕವನಿದ್ದಾಗ ರಜೆಯಲ್ಲಿ ಅವರ ಬಸ್ಸಿನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಕೂರುತ್ತಿದ್ದದ್ದು ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಮೇಲೆ, ಕೆಳಗೆ ಮಡಿಚಿದ ಗೋಣಿಚೀಲ. ಮಳೆ, ಮಂಜು, ಮುಂದೆ ಒಂದು ಲಾರಿಯ ಬೆಳಕು. ಎಷ್ಟೋ ಸಲ ಆ ಲಾರಿಗಳಿಂದ ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತಿತ್ತು. ಮಾವ ಮೂಗು ಅರಳಿಸಿ, "ಕಾಲಲ್ಲಿ ಇಳಿಸ್ತಾ ಇದಾನೆ, ಗೇರಲ್ಲಿ ಇಳಿಸ್ಬೇಕು" ಅನ್ನುತ್ತಿದ್ದರು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು.

ಥಂಡರ್‌ಹಿಲ್ ಕಥೆ ಹೇಳಿದೆ. "ಬ್ರೇಕು ಕಾದಿದೆ" ಅಂದರು ಮಾವ, ಒಂದೇ ಮಾತು. ಆಮೇಲೆ ಕೇಳಿದರು, "ಕಾಲಿಟ್ಟುಕೊಂಡೇ ಇರ್ತೀಯಾ?" ಹೌದು, ಇಟ್ಟುಕೊಂಡೇ ಇದ್ದೆ. ಹೆದರಿಕೆಯಿಂದ ತಿರುವಿಗೆ ಬಹಳ ಮುಂಚೆ ಶುರುಮಾಡಿ ಮೆತ್ತಗೆ, ಉದ್ದಕ್ಕೆ ಒತ್ತುತ್ತಿದ್ದೆ. ಅಜ್ಜ ಹೇಳುತ್ತಿದ್ದದ್ದು ಇದರ ಉಲ್ಟಾ: ತಡವಾಗಿ, ಕಾರು ನೆಟ್ಟಗಿರುವಾಗಲೇ, ಗಟ್ಟಿಯಾಗಿ ಒತ್ತಿ ಬಿಟ್ಟುಬಿಡು. ಬ್ರೇಕಿಗೆ ಗಾಳಿ ಕುಡಿಯಲು ಹೊತ್ತು ಸಿಗಬೇಕು. ಟ್ರ್ಯಾಕಿನಲ್ಲಿ ಮಾವನ ಗೇರಿನ ಪಾಠ ಪೂರ್ತಿ ನಡೆಯಲ್ಲ, ಅಲ್ಲಿ ನಿಲ್ಲಿಸುವ ಕೆಲಸ ಬ್ರೇಕಿನದೇ. ಆದರೆ ಇಬ್ಬರ ಚಿಂತೆಯೂ ಒಂದೇ ಕಡೆ. ಗಾಡಿ ಎಷ್ಟು ಜೋರು ಓಡುತ್ತೆ ಅಂತ ಇಬ್ಬರೂ ನನ್ನನ್ನು ಒಂದು ಸಲವೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಕಾರಿನ ತಯಾರಿ ಸುಲಭವಾಯಿತು. ಟ್ರ್ಯಾಕಿಗೆ ತಕ್ಕ ಬ್ರೇಕ್ ಪ್ಯಾಡು, ಕುದಿಯುವ ಬಿಂದು 300 ಡಿಗ್ರಿ ದಾಟಿದ ಆಯಿಲು. ಟೈರಿಗೆ ತಣ್ಣಗಿರುವಾಗ 28 ಪಿಎಸ್‌ಐ. ಓಡಿ ಬಂದ ಮೇಲೆ 35 ಆಗಿರುತ್ತದೆ, ಹೆಚ್ಚಾದರೆ ಗಾಳಿ ಬಿಡುವುದು. ಟೈರಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ, ಅದು ಎಲ್ಲಿಯವರೆಗೆ ಅಳಿಸಿದೆ ನೋಡಿ ಟೈರು ಎಷ್ಟು ಮಗುಚುತ್ತಿದೆ ಅಂತ ಗೊತ್ತಾಗುತ್ತದೆ. ಚಕ್ರದ ನಟ್ಟಿಗೆ ಟಾರ್ಕ್ ರೆಂಚಿನಲ್ಲಿ 80 ಪೌಂಡ್-ಅಡಿ, ಟಕ್ ಅನ್ನುವವರೆಗೆ, ಪ್ರತಿ ಸೆಷನ್ ಮುಗಿದು ತಣ್ಣಗಾದ ಮೇಲೆ ಇನ್ನೊಮ್ಮೆ. ದುಡ್ಡು, ಒಂದೆರಡು ಶನಿವಾರ ಇದ್ದರೆ ಮುಗಿಯುವ ಕೆಲಸ ಇದು.

ಮುಗಿಯದ್ದು ಡ್ರೈವರಿನ ತಯಾರಿ.

ಅಜ್ಜ ನನ್ನ ಕಿವಿಯಲ್ಲಿ ದಿನಕ್ಕೆ ನೂರು ಸಲ ಹೇಳುತ್ತಿದ್ದದ್ದು ಎರಡೇ ಮಾತು: ಕಣ್ಣು ಮೇಲೆ. ನಾನು ಬಾನೆಟ್ಟಿನ ಮುಂದಿನ ಇಪ್ಪತ್ತು ಅಡಿ ನೋಡುತ್ತಿದ್ದೆ. ಹೆದರಿದಾಗ ಎಲ್ಲರೂ ಅಲ್ಲೇ ನೋಡುತ್ತಾರಂತೆ. ತಿರುವಿಗೆ ಬರುವ ಮೊದಲೇ ತಿರುವಿನ ಒಳ ಅಂಚು ನೋಡಬೇಕು, ಒಳ ಅಂಚು ಮುಟ್ಟುವ ಮೊದಲೇ ಹೊರಹೋಗುವ ಜಾಗ ನೋಡಬೇಕು. ಕತ್ತು ತಿರುಗಬೇಕು, ಬರೀ ಕಣ್ಣಲ್ಲ. ಒಂದು ಸಲ ಸರಿಯಾಗಿ ಬಂತು. ಕೈ ತಾನಾಗಿ ತಿರುಗಿತು, ಕಾರು ತಾನಾಗಿ ಹೋಯಿತು, ಆ ತಿರುವು ಇದ್ದಕ್ಕಿದ್ದಂತೆ ನಿಧಾನವಾದ ಹಾಗೆ ಅನ್ನಿಸಿತು. ಮುಂದಿನ ತಿರುವಿನಲ್ಲಿ ಮತ್ತೆ ಬಾನೆಟ್ಟೇ ಕಂಡಿತು. ದಿನಾ ಆಫೀಸಿಗೆ ಹೋಗುವಾಗ 880 ಹೈವೇಯಲ್ಲಿ ಈಗಲೂ ಇದನ್ನೇ ಅಭ್ಯಾಸ ಮಾಡುತ್ತೇನೆ, 65 ಮೈಲಿ ವೇಗದಲ್ಲಿ, ಮುಂದಿನ ಕಾರು ಬಿಟ್ಟು ಐದನೇ ಕಾರು ನೋಡುತ್ತಾ. ಇದಕ್ಕೆ ಪುಕ್ಕಟೆ ಕಣ್ಣು ಸಾಕು.

ಬಾವುಟಗಳನ್ನು ಕಲಿಯುವುದು ಕಷ್ಟವಲ್ಲ, ನೋಡುವುದು ಕಷ್ಟ. ಹಳದಿ ಅಂದರೆ ಮುಂದೆ ಅಪಾಯ, ಕಪ್ಪು ತೋರಿಸಿದರೆ ಒಳಗೆ ಬಾ, ಕೆಂಪು ಅಂದರೆ ನಿಲ್ಲು. ಮೊದಲ ದಿನ ನಾನು ಒಂದು ಹಳದಿ ಬಾವುಟದ ಮುಂದೆ ಮೂರು ಸುತ್ತು ಹೋಗಿದ್ದೆನಂತೆ. ನನಗೆ ಬಾವುಟವೂ ಕಂಡಿರಲಿಲ್ಲ, ಹಿಡಿದ ಮನುಷ್ಯನೂ ಕಂಡಿರಲಿಲ್ಲ.

ಓವರ್‌ಟೇಕಿಗೂ ಇಲ್ಲಿ ನಿಯಮ ಇದೆ. ಮುಂದಿನವನು ಕೈ ಹೊರಗೆ ಚಾಚಿ ಈ ಕಡೆಯಿಂದ ಹೋಗು ಅಂತ ತೋರಿಸದೆ ಹಿಂದಿನವನು ಹೋಗುವ ಹಾಗಿಲ್ಲ. ಕ್ಲಾಸಿನಲ್ಲಿ ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟರು. ನನಗೆ ನಗು ಬಂತು. ಘಾಟಿಯಲ್ಲಿ ಮಾವ ಕಿಟಕಿಯಿಂದ ಬಲಗೈ ಹಾಕಿ, ಅಂಗೈ ಮುಂದಕ್ಕೆ ಬೀಸಿ ಹಿಂದಿನ ಜೀಪಿಗೆ ದಾರಿ ಬಿಡುತ್ತಿದ್ದದ್ದು ಥೇಟ್ ಹೀಗೇ. ಆ ದಿನ ನಾನು ದಾರಿ ಬಿಟ್ಟಷ್ಟು ಸೊಗಸಾಗಿ ಯಾರೂ ಬಿಟ್ಟಿರಲಿಕ್ಕಿಲ್ಲ. ಬಿಡಲು ಅವಕಾಶಗಳೂ ಬಹಳ ಇದ್ದವು.

ಊಟದ ವಿಷಯ ಯಾರೂ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಎರಡನೇ ಟ್ರ್ಯಾಕ್ ಡೇಗೆ ಹೆಂಡತಿ ಪ್ರೀತಿಯಿಂದ ಬಿಸಿಬೇಳೆ ಬಾತ್ ಕಟ್ಟಿಕೊಟ್ಟಿದ್ದಳು. ತುಪ್ಪ ಧಾರಾಳ. ಮಧ್ಯಾಹ್ನ ಚಪ್ಪರಿಸಿ ತಿಂದೆ. ನಾಲ್ಕನೇ ಸೆಷನ್ನಿನಲ್ಲಿ ಒಂದು ಬಲ ತಿರುವಿಗೆ ಸ್ವಲ್ಪ ಜೋರಾಗಿ ಹೋದೆ, ನಡುವೆ ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಟ್ಟೆ. ತೂಕ ಮುಂದಕ್ಕೆ ಬಂತು, ಹಿಂದಿನ ಚಕ್ರ ಹಗುರಾದವು, ಕಾರು ಗಿರ್ರನೆ ಬುಗುರಿಯ ಹಾಗೆ ತಿರುಗಿತು. ಕ್ಲಚ್ಚು, ಬ್ರೇಕು ಎರಡನ್ನೂ ಒತ್ತು ಅಂತ ಹೇಳಿಕೊಟ್ಟಿದ್ದರು. ಒತ್ತಿದೆ. ನಿಂತಾಗ ಬಂದ ದಾರಿಗೇ ಮುಖ ಮಾಡಿದ್ದೆ. ಏನೂ ತಗಲಿರಲಿಲ್ಲ. ಒಳಗೆ ಕರೆದು ಮಾತಾಡಿಸಿದರು. ಯಾವ ತಪ್ಪು ಅಂತ ನನಗೇ ಗೊತ್ತಿತ್ತು. ಆದರೆ ಬೆಳಿಗ್ಗೆ ಆಗಿದ್ದರೆ ಆ ತಪ್ಪು ಮಾಡುತ್ತಿರಲಿಲ್ಲ. ಈಗ ಟ್ರ್ಯಾಕಿಗೆ ಮೊಸರನ್ನ, ದೊಡ್ಡ ಫ್ಲಾಸ್ಕಿನಲ್ಲಿ ಮಜ್ಜಿಗೆ. ಐದನೇ ಸೆಷನ್ ಇದ್ದರೂ ನಾಲ್ಕಕ್ಕೇ ಹೆಲ್ಮೆಟ್ ತೆಗೆದಿಡುತ್ತೇನೆ.

ಈ ವರ್ಷ ಲಗೂನಾ ಸೆಕಾಕ್ಕೆ ಹೋಗಿದ್ದೆ. ಸಲೀನಾಸ್ ದಾಟಿ, ಮಾಂಟೆರೆ ಹತ್ತಿರದ ಗುಡ್ಡದಲ್ಲಿ 1957ರಿಂದ ಇರುವ ಟ್ರ್ಯಾಕು. 3.6 ಕಿ.ಮೀ., ಹನ್ನೊಂದು ತಿರುವು. ಅಕ್ಕಪಕ್ಕದ ಮನೆಯವರಿಗೆ ಸದ್ದು ಆಗಬಾರದು ಅಂತ ಇಲ್ಲಿ ಪ್ರತಿ ಕಾರಿನ ಸದ್ದನ್ನೂ ಅಳೆಯುತ್ತಾರೆ. ಹಿಂದಿನ ರಾತ್ರಿ ಹೊಸ ಸೈಲೆನ್ಸರ್ ಬಿಚ್ಚಿ ಹಳೇದನ್ನೇ ಹಾಕಿದೆ. ಗೇರ್ ನಾಬ್ ಮಾತ್ರ ಉಳಿದಿದೆ.

ಎಲ್ಲರೂ ಮಾತಾಡುವುದು ಇಲ್ಲಿಯ ಕಾರ್ಕ್‌ಸ್ಕ್ರೂ ಬಗ್ಗೆ, ಎಂಟನೇ ತಿರುವು. ಗುಡ್ಡದ ನೆತ್ತಿಗೆ ಹತ್ತಿ, ಬ್ರೇಕ್ ಹಾಕಿ, ಎಡಕ್ಕೆ ತಿರುಗಿ, ತಕ್ಷಣ ಬಲಕ್ಕೆ ಬೀಳಬೇಕು. 'ಬೀಳು' ಅನ್ನುವುದೇ ಸರಿಯಾದ ಪದ. ಸುಮಾರು 450 ಅಡಿ ದೂರದಲ್ಲಿ ರಸ್ತೆ 59 ಅಡಿ ಇಳಿಯುತ್ತದೆ, ಐದು ಮಹಡಿಯಷ್ಟು. ನೆತ್ತಿಯಲ್ಲಿದ್ದಾಗ ಮುಂದಿನ ರಸ್ತೆ ಕಾಣುವುದೇ ಇಲ್ಲ. ಆಕಾಶ, ಒಂದಷ್ಟು ಓಕ್ ಮರ. ಎದುರಿನ ಮರ ನೋಡಿಕೊಂಡು ಅದರ ಕಡೆ ಹೋಗು ಅನ್ನುತ್ತಾರೆ. ರಸ್ತೆ ಕಾಣದ ಕಡೆ ಮರ ನಂಬಿ ಹೋಗುವುದು! ಮೊದಲ ಸುತ್ತು ಹೊಟ್ಟೆಯಲ್ಲಿ ತೊಟ್ಟಿಲು ತೂಗಿದ ಹಾಗಾಯಿತು. ಎಂಟನೇ ಸುತ್ತಿಗೆ ಮರ ಕಂಡಿತು, ಕತ್ತು ತಿರುಗಿತು, ಕಾರು ಹೊರಳಿತು. ಚಾರ್ಮಾಡಿಯ ಮಂಜಿನಲ್ಲಿ ಮಾವ ಯಾವ ಮರ ನೋಡಿಕೊಂಡು ಬಸ್ಸು ಇಳಿಸುತ್ತಿದ್ದರೋ, ಕೇಳಬೇಕಿತ್ತು.

ಕೊನೆಯ ಸುತ್ತು ನಿಧಾನದ ಸುತ್ತು. ಬ್ರೇಕು ಮುಟ್ಟದೆ, ಗಾಳಿಗೆ ಎಲ್ಲವನ್ನೂ ತಣಿಸಿಕೊಂಡು ಬರುವುದು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಕಾದ ಡಿಸ್ಕಿಗೆ ಪ್ಯಾಡು ಕಚ್ಚಿಕೊಳ್ಳುತ್ತದೆ. ನಾನು ನಿಲ್ಲಿಸಿದ ಜಾಗ ಸ್ವಲ್ಪ ಇಳಿಜಾರು. ಗೇರಿಗೆ ಹಾಕಿ, ಬೇಲಿಯ ಹತ್ತಿರದಿಂದ ಒಂದು ಕಲ್ಲು ತಂದು ಮುಂದಿನ ಟೈರಿಗೆ ಕೊಟ್ಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಬಸ್ಸು ನಿಂತಾಗ ಕಂಡಕ್ಟರ್ ಕಲ್ಲು ಕೊಡುತ್ತಿದ್ದದ್ದು ನೆನಪಾಗಿ ಫೋಟೋ ತೆಗೆದು ಮಾವನಿಗೆ ಕಳಿಸಿದೆ.

ಅಲ್ಲಿ ಆಗ ನಸುಕು. ಮಾವ ಎದ್ದಿದ್ದರು. ವಾಯ್ಸ್ ಮೆಸೇಜ್ ಬಂತು, ಹಿಂದೆ ಕೋಳಿ ಕೂಗುತ್ತಿತ್ತು.

"ಕಲ್ಲು ಸಣ್ಣದಾಯ್ತು ಮಗ. ಹಿಂದಿನ ಟೈರಿಗೂ ಒಂದು ಕೊಡು."